ನಾಲಿಗೆ ಬೀಳುವ ಮಾತು

ನನ್ನ ಕಂಠ ಏರಿದಂತೆಲ್ಲ ನನ್ನ ಕರುಳು ಇಳಿಯುತ್ತಿತ್ತು. ಆ ಕಾಯಿಲೆಯನ್ನು ಇದಕ್ಕಿಂತ ಮರ್ಯಾದೆಯಾಗಿ ವಿವರಿಸಲು ನನಗೆ ಇವತ್ತಿಗೂ ಬಂದಿಲ್ಲ.

ನಮ್ಮ ಚರ್ಚಿನ ಹಾಡುಗಾರರಲ್ಲಿ ಮೇಲಿನ ಸ್ವರ ನನ್ನದು. ಕ್ರಿಸ್ಮಸ್ಸಿನ ಪೂಜೆಯಲ್ಲಿ ಮಿಕ್ಕವರೆಲ್ಲ ಸುಮ್ಮನಾಗಿ ನಾನೊಬ್ಬನೇ ಹಾಡುವ ಒಂದು ಚರಣವಿತ್ತು. ಲ್ಯಾಟಿನ್ ಭಾಷೆ, ಅರ್ಥ ನನಗೆ ಗೊತ್ತಿರಲಿಲ್ಲ. ಆದರೆ ಅದರ ಕೊನೆಯ ಸ್ವರವನ್ನು ಹಿಡಿದು ನಿಂತಾಗ ಪೀಠದ ಮೇಲಿನ ಮೇಣದಬತ್ತಿಗಳೂ ಉಸಿರು ಬಿಗಿಹಿಡಿದಿವೆ ಎನ್ನಿಸುತ್ತಿತ್ತು. ವಾರವೆಲ್ಲ ದೇವರಾಜ ಮೊಹಲ್ಲಾದ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು "ಬಣ್ಣ ಹೋಗಲ್ಲ ತಾಯಿ" ಎಂದು ಆಣೆಯಿಡುವವನಿಗೆ ಆ ಒಂದು ಸ್ವರವೇ ಆಸ್ತಿ. ಆದರೆ ಅದೇ ಸ್ವರಕ್ಕೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟೊಂದು ಹೊರಗೆ ಇಣುಕುತ್ತಿತ್ತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕರುಳು ಹಿಡಿದುಕೊಂಡು ನಾನು ದೇವರನ್ನು ಸ್ತುತಿಸುತ್ತಿದ್ದೆ.

ಕೊಯ್ದು ಹೊಲಿಯಬೇಕು ಎಂದರು ಸರ್ಜನ್ನರು. ಮಳೆಗಾಲ ಮುಗಿದ ಮೇಲೆ ಮಾಡಿಸಿಕೊಂಡರೆ ಕ್ರಿಸ್ಮಸ್ಸಿಗೆ ಗಟ್ಟಿಯಾಗಿ ನಿಂತು ಹಾಡಬಹುದು ಎಂದೂ ಸೇರಿಸಿದರು. ಹೊಟ್ಟೆಯನ್ನು ಅವರ ಕೈಗೆ ಒಪ್ಪಿಸಲು ನನಗೇನೂ ಹೆದರಿಕೆಯಾಗಲಿಲ್ಲ. ಹೆದರಿಕೆ ಶುರುವಾದದ್ದು ಪಕ್ಕದ ಕೋಣೆಯಲ್ಲಿ.

ಅಲ್ಲಿ ಕ್ಲೋರೋಫಾರಂ ಕೊಡುವುದಕ್ಕೆಂದೇ ಒಬ್ಬ ವಯಸ್ಸಾದ ಡಾಕ್ಟರಿದ್ದರು. ನನ್ನ ಬಾಯಿ ತೆಗೆಸಿದರು. ಗದ್ದವನ್ನು ಆಚೆ ಈಚೆ ಅಲ್ಲಾಡಿಸಿದರು. ಮುಂದಿನ ಹಲ್ಲೊಂದು ಸಡಿಲವಾಗಿರುವುದನ್ನು ಕಂಡು "ಹ್ಞೂಂ" ಎಂದರು. ಆಮೇಲೆ ಕೈ ತೊಳೆಯುತ್ತ, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದರು: "ನಿದ್ದೆ ಹತ್ತಿದ್ಮೇಲೆ ನಾಲಿಗೆ ಬೀಳುತ್ತೆ. ನಾವು ನೋಡ್ಕೋತೀವಿ."

"ಬೀಳುತ್ತಾ ಡಾಕ್ಟ್ರೇ?"

"ಎಲ್ಲಾರ್ಗೂ ಬೀಳುತ್ತೆ ಕಣ್ರೀ. ಅದ್ಕೇನು, ಬುಡಿ."

ನಾನು ಬುಡಲಿಲ್ಲ. ನಮ್ಮ ಕಡೆ ನಾಲಿಗೆ ಬೀಳುವುದು ಎರಡೇ ಸಂದರ್ಭಗಳಲ್ಲಿ. ಒಂದು, ಯಾರಾದರೂ ಶಾಪ ಹಾಕಿದಾಗ. ಇನ್ನೊಂದು, ಮುದುಕರು ಹಾಸಿಗೆ ಹಿಡಿದು, ಸುತ್ತ ನಿಂತವರು "ನಾಲಿಗೆ ಬಿದ್ದೋಯ್ತು, ಇನ್ನೇನು ಸ್ವಾಮಿಗಳನ್ನ ಕರೆಸಿ" ಎನ್ನುವಾಗ. ಆಸ್ಪತ್ರೆಯಿಂದ ಮನೆಯವರೆಗೆ ಜಟಕಾದಲ್ಲಿ ಕೂತು ನಾಲಿಗೆಯನ್ನು ಬಾಯೊಳಗೆ ಮೂಲೆಮೂಲೆಗೂ ಓಡಾಡಿಸಿ ನೋಡಿಕೊಂಡೆ. ಅದರ ಬುಡ ಅಷ್ಟೊಂದು ಸಡಿಲವೆಂದು ನನಗೆ ಯಾರೂ ಹೇಳಿರಲಿಲ್ಲ. ಉಸಿರೇ ನಿಂತುಹೋದೀತೆಂಬ ಯೋಚನೆಯೂ ಬಂತು, ಆದರೆ ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಸತ್ತರೆ ಒಂದು ಪೂಜೆ ಹೇಳಿಸುತ್ತಾರೆ. ಬದುಕಿ, ಮೂಗನಾಗಿ, ಕ್ರಿಸ್ಮಸ್ ರಾತ್ರಿ ಜನರ ಬೆಂಚಿನಲ್ಲಿ ಕೂತು ನನ್ನ ಚರಣವನ್ನು ಬೇರೆಯವನ ಬಾಯಲ್ಲಿ ಕೇಳಬೇಕಲ್ಲ, ಅದು ಕಾಡಿತು.

ಹೆಂಡತಿಗೆ ಹೇಳಿದೆ. ಅವಳು ನಗುತ್ತಾಳೆಂದು ಕಾದೆ. ಅವಳ ಮುಖ ಬಿಳಿಚಿಕೊಂಡಿತು.

"ರೀ, ನಾನು ಬೆಳಿಗ್ಗೆ ಅಂದಿದ್ದೆ."

"ಏನಂದಿದ್ದೆ?"

"ಸಾರು ನೀರು ನೀರಾಗಿದೆ ಅಂದ್ರಲ್ಲ ನೀವು. ಒಲೆ ಮುಂದೆ ನಿಂತ್ಕೊಂಡು, ಊಟಕ್ಕೆ ಹೆಸರಿಡೋ ನಾಲಿಗೆ ಬಿದ್ದೋಗಬಾರ್ದಾ ಅಂದ್ಬುಟ್ಟೆ."

"ಅಂದ್ಬುಟ್ಟಾ? ಅಷ್ಟು ಬೇಗ ಆಸ್ಪತ್ರೆಗೆ ಮುಟ್ಬುಡ್ತಲ್ಲೇ!"

"ತಮಾಷೆ ಮಾಡ್ಬೇಡಿ. ಬಿದ್ದಿದ್ದನ್ನ ವಾಪಸ್ ಅಂಟಿಸ್ತಾರಾ ಅಂತಾನಾದ್ರೂ ಕೇಳ್ಬಾರ್ದಿತ್ತಾ?"

ಅವಳು ಅಂದು ಸಂಜೆಯೇ ಚರ್ಚಿಗೆ ಹೋಗಿ ಸ್ವಾಮಿಗಳ ಮುಂದೆ ಪಾಪನಿವೇದನೆ ಮಾಡಿ ಬಂದಳು. ಅವರು ಏನು ಹೇಳಿದರೋ ತಿಳಿಯದು, ಮರುದಿನ ನನ್ನ ತೋಳು ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಬಿದ್ದ ನಾಲಿಗೆ ಅಂಟಿಸುತ್ತೀರಾ ಎಂದು ಅವಳು ಕೇಳಿದ್ದಕ್ಕೆ ಕ್ಲೋರೋಫಾರಂ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕರೋ ಅತ್ತರೋ ಹೇಳುವುದು ಕಷ್ಟ.

"ಉದುರೋದಲ್ಲಮ್ಮ! ಹಿಂದಕ್ಕೆ ಜಾರೋದು. ನಿದ್ದೇಲಿ ಸಡಿಲಾಗಿ ಗಂಟಲಿಗೆ ಮುಚ್ಚಳ ಹಾಕ್ಬುಡುತ್ತೆ, ಉಸಿರಿಗೆ ದಾರಿ ಇರಲ್ಲ. ಗೊರಕೆ ಹೊಡೀತಾರಲ್ಲ, ಅದೇ ಆಟ, ಸ್ವಲ್ಪ ಜಾಸ್ತಿ."

"ಹೊಡೀತಾರೆ ಹೊಡೀತಾರೆ," ಎಂದಳು ನನ್ನವಳು, ಜೀವ ಬಂದವಳ ಹಾಗೆ. "ಪಕ್ಕದ ಮನೆಯವ್ರು ಗೋಡೆ ತಟ್ತಾರೆ."

ಡಾಕ್ಟರು ಒಂದು ತಟ್ಟೆ ತಂದು ನಮ್ಮ ಮುಂದಿಟ್ಟರು. ಅದರಲ್ಲಿ ಮೂರು ಸಾಮಾನಿದ್ದವು. ಮೊದಲನೆಯದು ಇಕ್ಕಳ. ನಾಲಿಗೆಯನ್ನು ಕಚ್ಚಿ ಹೊರಕ್ಕೆ ಎಳೆದು ಹಿಡಿಯುವುದಕ್ಕೆ. ಹಳೆಯ ಕ್ರಮ, ಕೆಲಸ ಖಂಡಿತ, ಆದರೆ ಇಕ್ಕಳದ ಹಲ್ಲಿನ ಗುರುತು ನಾಲಿಗೆಯ ಮೇಲೆ ಉಳಿಯುತ್ತದಂತೆ. ಎರಡನೆಯದು ಲೋಹದ ಕೊಳವೆ, ಬಾತುಕೋಳಿಯ ಕತ್ತಿನ ಹಾಗೆ ಬಾಗಿತ್ತು. ಬಾಯಿಯ ಮೂಲಕ ನಾಲಿಗೆಯ ಹಿಂದಕ್ಕೆ ಇಳಿಸಿದರೆ ಅದರೊಳಗಿಂದಲೇ ಉಸಿರಾಟ. ಎಷ್ಟು ಕಚ್ಚಿದರೂ ಜಗ್ಗದು, ಆದರೆ ಹಾಕುವಾಗ ತೆಗೆಯುವಾಗ ಹಲ್ಲಿಗೆ ತಾಗಬಹುದು. ಮೂರನೆಯದು ಅದೇ ಆಕಾರದ ಕಪ್ಪು ರಬ್ಬರ್ ಕೊಳವೆ, ಹಡಗಿನಲ್ಲಿ ಹೊಸದಾಗಿ ಬಂದದ್ದು.

ನಾನು ರಬ್ಬರನ್ನು ಎತ್ತಿಕೊಂಡು, ಅಭ್ಯಾಸಬಲದಿಂದ, ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ ನೋಡಿದೆ. ಮೆತ್ತಗಿತ್ತು.

"ಇದೇ ಹಾಕ್ಬುಡಿ ಡಾಕ್ಟ್ರೇ."

ಅವರು ಅದನ್ನು ನನ್ನ ಕೆನ್ನೆಯ ಮೇಲಿಟ್ಟು ಬಾಯಿಯ ತುದಿಯಿಂದ ಕಿವಿಯವರೆಗೆ ಅಳೆದರು. "ಗಿಡ್ಡ. ಗಿಡ್ಡದ್ದು ಹಾಕಿದ್ರೆ ನಾಲಿಗೇನ ಇನ್ನೂ ಹಿಂದಕ್ಕೆ ತಳ್ಳುತ್ತೆ. ಉದ್ದ ಆದ್ರೆ ಗಂಟಲಿಗೆ ಚುಚ್ಚಿ ಕೆಮ್ಮು ಬರುತ್ತೆ. ರಬ್ಬರಲ್ಲಿ ಸದ್ಯಕ್ಕೆ ಇದೊಂದೇ ಇರೋದು. ಲೋಹದ್ದು ನಿಮ್ಮ ಅಳತೆಗೆ ಸರಿಯಾಗಿದೆ."

"ಆದರೆ ಹಲ್ಲು…"

"ಹ್ಞೂಂ, ಹಲ್ಲು."

ಒಳ್ಳೆಯ ಬಟ್ಟೆ ಅಳತೆಗೆ ಸಾಲದು, ಅಳತೆಗೆ ಸರಿಯಾದದ್ದು ಒರಟು. ಇಂಥ ಗಿರಾಕಿಗಳನ್ನು ಅಂಗಡಿಯಲ್ಲಿ ಎಷ್ಟು ಜನರನ್ನು ಸಮಾಧಾನ ಮಾಡಿ ಕಳಿಸಿಲ್ಲ! ಆದರೆ ನನಗೆ ಸಮಾಧಾನವಾಗಲಿಲ್ಲ. ಮುಂದಿನ ಹಲ್ಲು ಹೋದರೆ ಲ್ಯಾಟಿನ್ನಿನ 'ಸ' ಎಲ್ಲ ಸೀಟಿಯಾಗುತ್ತದೆ. ನಾಲಿಗೆಗೆ ತೂತು ಬಿದ್ದರೆ 'ರ' ಹೋಗುತ್ತದೆ. ಗಂಟಲು ಗೀಚಿದರೆ ಸ್ವರವೇ ಹೋಗುತ್ತದೆ. ಇದು ಹಾಡುವ ನಾಲಿಗೆ, ಕೊನೆಗೆ ಯಾವುದು ಹಾಕುತ್ತೀರಿ ಎಂದು ಮತ್ತೆ ಮತ್ತೆ ಕೇಳಿದ್ದಕ್ಕೆ ಡಾಕ್ಟರು ತಟ್ಟೆಯನ್ನು ಮುಚ್ಚಿಬಿಟ್ಟರು.

"ಇದು ಸೀರೆ ಅಂಗಡಿ ಅಲ್ಲ ಸ್ವಾಮಿ. ನೀವು ಮಲಗಿದ್ಮೇಲೆ ನಿಮ್ಮ ಗಂಟಲೇ ಹೇಳುತ್ತೆ."

ಆಸ್ಪತ್ರೆ ಸೇರುವ ಹಿಂದಿನ ದಿನ, ನನ್ನ ಪಕ್ಕ ನಿಂತು ಕೆಳಗಿನ ಸ್ವರ ಹಾಡುವವನು ಕಿತ್ತಲೆಹಣ್ಣು ಹಿಡಿದುಕೊಂಡು ಬಂದ. "ನೀವೇನೂ ಯೋಚ್ನೆ ಮಾಡ್ಬೇಡಿ ಅಣ್ಣ. ಕ್ರಿಸ್ಮಸ್ಸಿಗೆ ನಾನಿದ್ದೀನಲ್ಲ," ಎಂದ. ಅವನು ಹೋದ ಮೇಲೆ ಬೀದಿಯ ತಿರುವಿನಿಂದ ನನ್ನ ಚರಣದ ಗುನುಗು ಕೇಳಿಸಿತು.

ಆಪರೇಷನ್ನಿನ ಬೆಳಿಗ್ಗೆಯದು ನೆನಪಿರುವುದು ಗಾಜಿನ ಕಿಟಕಿಯ ಬಿಸಿಲು, ಮುಖದ ಮೇಲೆ ಬಂದ ತಂತಿಯ ಚೌಕಟ್ಟು, ಅದರ ಮೇಲಿನ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಹನಿ ಹನಿಯಾಗಿ ಏನೋ ಬಿತ್ತು. ಕೊಳೆತ ಸೇಬಿನ ಹಾಗೆ, ಹಾದಿತಪ್ಪಿ ಬಂದ ಯಾವುದೋ ಹಬ್ಬದ ಹಾಗೆ ಸಿಹಿ ಸಿಹಿ ವಾಸನೆ. ಎಣಿಸಿ ಎಂದರು. ಎಣಿಸಿದೆ. ಅಂಕಿಗಳು ಒಂದೊಂದಾಗಿ ಮೆತ್ತಗಾದವು.

ನಾನು ಅಂಗಡಿಯಲ್ಲಿದ್ದೆ. ಅಟ್ಟದ ಮೇಲಿಂದ ಕೆಂಪು ಮಖಮಲ್ಲಿನ ಥಾನೊಂದು ಜಾರಿ ಬಿತ್ತು. ಅದು ಬಟ್ಟೆಯಲ್ಲ, ನನ್ನ ನಾಲಿಗೆ ಎಂದು ನನಗೆ ಗೊತ್ತಿತ್ತು, ಗಿರಾಕಿಗಳಿಗೆ ಗೊತ್ತಿರಲಿಲ್ಲ. ಅದು ಮೆಟ್ಟಿಲಿಳಿದು, ಬೀದಿಗೆ ಬಿದ್ದು, ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತ ಹೋಯಿತು. ಹೂವಿನ ಸಾಲು ದಾಟಿತು, ವೀಳೆಯದೆಲೆಯ ಪಿಂಡಿಗಳ ನಡುವೆ ನುಸುಳಿತು. ಜಟಕಾ ಕುದುರೆಗಳು ಅದರ ಅಂಚು ತುಳಿಯದೆ ಪಕ್ಕಕ್ಕೆ ಸರಿದು ನಿಂತವು. ಕುಂಬಾರಕೊಪ್ಪಲಿನ ಕಡೆಯ ಬಯಲಲ್ಲಿ ಒಣಹಾಕಿದ ಮಡಕೆಗಳ ನಡುವೆಯೂ ಅದು ಹರಿಯಿತು, ಮಡಕೆಗಳ ಬಾಯಿಂದ ಒಂದೊಂದು ಸ್ವರ ಹೊರಟಿತು. ನಾನು ಹಿಂದೆ ಹಿಂದೆ ಓಡುತ್ತ, ಸುತ್ತಿಕೊಳ್ಳಲು ನೋಡಿದರೆ ಕೈಗಳು ಹೊಗೆಯಂತೆ. ಊರಿನ ಕೊನೆ ಬಂದೇಬಿಟ್ಟಿತು, ಆಚೆ ಬರೀ ಬೆಳಕು. ಅಷ್ಟರಲ್ಲಿ ಯಾರದೋ ಎರಡು ಕೈಗಳು ಬಟ್ಟೆಯ ತುದಿಯನ್ನು ಹಿಡಿದವು. ಎಳೆಯಲಿಲ್ಲ, ಸುತ್ತಲಿಲ್ಲ. ಹಿಡಿದುಕೊಂಡು ನಿಂತವು, ಅಷ್ಟೇ. ಗಾಳಿ ಬೀಸಿತು. ತಂಪಾಗಿತ್ತು. ನಾನು ಓಡುವುದನ್ನು ಬಿಟ್ಟು ರಸ್ತೆಯ ನಡುವೆ ಕೂತುಬಿಟ್ಟೆ.

ಎಚ್ಚರವಾದಾಗ ವಾಂತಿ. ಅದು ಮುಗಿದ ಮೇಲೆ ಗದ್ದದ ಎರಡು ಬದಿಯಲ್ಲೂ, ಕಿವಿಯ ಕೆಳಗೆ, ಹೊಡೆತ ತಿಂದವನ ಹಾಗೆ ನೋವು. ನಾಲಿಗೆಯಿಂದ ಹಲ್ಲನ್ನು ಮುಟ್ಟಿ ನೋಡಿದೆ. ಇತ್ತು. ಹಲ್ಲಿನಿಂದ ನಾಲಿಗೆಯನ್ನು ಕಚ್ಚಿ ನೋಡಿದೆ. ಇತ್ತು. ಆದರೆ ಮಾತಾಡಲು ಧೈರ್ಯವಾಗಲಿಲ್ಲ. ಮಾತಾಡದಿದ್ದರೆ ಸ್ವರ ಹೋಗಿದೆಯೋ ಇದೆಯೋ ತಿಳಿಯುವುದಿಲ್ಲ. ತಿಳಿಯದಿರುವಷ್ಟು ಹೊತ್ತು ಅದು ಇದ್ದ ಹಾಗೆಯೇ. ಈ ತರ್ಕವನ್ನು ಹಿಡಿದು ನಾನು ಸಂಜೆಯವರೆಗೂ ತುಟಿ ಬಿಚ್ಚದೆ ಮಲಗಿದ್ದೆ. ಹೆಂಡತಿ ತಲೆದಿಂಬಿನ ಪಕ್ಕ ಜಪಸರ ಹಿಡಿದು ಮೌನವಾಗಿ ಅಳುತ್ತಿದ್ದಳು.

ಡಾಕ್ಟರು ಬಂದರು. "ಯಾಕ್ರೀ ಮಾತಿಲ್ಲ?"

"ಬಿದ್ದೋಗಿದೆ ಡಾಕ್ಟ್ರೇ," ಎಂದಳು ನನ್ನವಳು, ಬಿಕ್ಕುತ್ತ.

ಅವರು ಹಾಸಿಗೆಯ ಅಂಚಿನಲ್ಲಿ ಕೂತು ನಡೆದದ್ದನ್ನು ಹೇಳಿದರು. ಹಲ್ಲು ಉಳಿಯಲೆಂದು ಮೊದಲು ರಬ್ಬರ್ ಹಾಕಿಯೇ ನೋಡಿದರಂತೆ, ಗಿಡ್ಡವಾಗಿ ಉಸಿರು ಕಟ್ಟಿತು, ತೆಗೆದರು. ಲೋಹದ್ದನ್ನು ತುಟಿಯವರೆಗೆ ತಂದರು, ಹಲ್ಲು ಅಲ್ಲಾಡಿತು, ಅದನ್ನೂ ಪಕ್ಕಕ್ಕಿಟ್ಟರು. ಇಕ್ಕಳಕ್ಕೆ ಕೈ ಹಾಕಲಿಲ್ಲ. "ಹಾಡೋ ನಾಲಿಗೆ ಅಂದ್ರಲ್ಲ. ಕೈಯಲ್ಲೇ ಗದ್ದ ಮುಂದಕ್ಕೆ ಎತ್ತಿ ಹಿಡ್ಕೊಂಡು ಕೂತ್ಬುಟ್ಟೆ, ಹನಿ ಹಾಕೋ ಕೆಲ್ಸ ಬೇರೆಯವ್ರಿಗೆ ಕೊಟ್ಟು. ಹೊಲಿಗೆ ಮುಗಿಯೋವರ್ಗೂ." ಹೇಳುತ್ತ ಅವರು ಒಂದು ಕೈಯಿಂದ ಇನ್ನೊಂದು ಕೈಯ ಹೆಬ್ಬೆರಳ ಬುಡವನ್ನು ಒತ್ತಿಕೊಳ್ಳುತ್ತಿದ್ದರು. ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. "ಈಗ ಎಲ್ಲಿ, ಒಂದು ಸ್ವರ ಎಳೀರಿ. ಇಷ್ಟು ಕಷ್ಟಪಟ್ಟಿದ್ದೀನಿ, ಕೇಳಿಯಾದ್ರೂ ಹೋಗ್ತೀನಿ."

ಬಾಯಿ ತೆರೆದೆ. ಮೊದಲು ಬಂದದ್ದು ಬಾಗಿಲಿನ ಕಿರುಗುಟ್ಟುವ ಸದ್ದು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಉಗುಳು ನುಂಗಿ ಮತ್ತೆ ಎತ್ತಿದೆ. ಈ ಸಲ ಅದು ಬಂತು, ತೆಳ್ಳಗೆ, ನಡುಗುತ್ತ, ಆದರೆ ನನ್ನದೇ. ವಾರ್ಡಿನ ಉದ್ದಕ್ಕೂ ಹೋಗಿ ಕೊನೆಯ ಕಿಟಕಿಯ ಸಂಜೆಬೆಳಕಿನಲ್ಲಿ ನಿಂತುಕೊಂಡಿತು. ಡಾಕ್ಟರು ಕೈ ಒತ್ತಿಕೊಳ್ಳುವುದನ್ನು ನಿಲ್ಲಿಸಿ ತಲೆಬಾಗಿಸಿ ಕೇಳುತ್ತಿದ್ದರು.

"ಯಾರ್ರೀ ಅದು ಬಡ್ಕಳೋದು?" ಎಂದಿತು ಪಕ್ಕದ ಹಾಸಿಗೆ. "ಎಂಗ್ರೀ ಮಲ್ಕಳೋದು ಇಲ್ಲಿ?"

"ಸಾಕು ನಿಲ್ಸಿ!" ಹೆಂಡತಿ ಕಣ್ಣೊರೆಸಿಕೊಂಡು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ಹೊಲಿಗೆ ಬಿಟ್ಕೊಂಡ್ರೆ ಏನು ಗತಿ?"

ಅಷ್ಟು ಹೊತ್ತು ಅದು ನನಗೆ ಹೊಳೆದೇ ಇರಲಿಲ್ಲ. ತಟ್ಟನೆ ಸ್ವರ ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹೊಲಿಗೆಗೆ ಯಾವ ದಾರ ಹಾಕಿದ್ದೀರಿ, ಒಂಟಿ ಎಳೆಯೋ ಜೋಡಿ ಎಳೆಯೋ ಎಂದು ಕೇಳಿದೆ. ಡಾಕ್ಟರು ಎದ್ದು, ಅದು ಸರ್ಜನ್ನರ ಅಂಗಡಿ, ಅವರನ್ನೇ ಕೇಳಿ ಎಂದು ನಗುತ್ತ ಹೊರಟುಹೋದರು.