ಇನ್ನೂರ ಹನ್ನೆರಡು ಹಾಳೆಗಳ ಊರು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರಿಗೂ ಅವರು ಟ್ರೇಸರಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ಟ್ರೇಸರ್ ಆಗಿ ಸೇರಿದವರು. ಆಗ ಕೆಲಸವೆಂದರೆ ಹಳೆಯ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ನೆಲದಡಿಯ ಕೊಳವೆಗಳ ಗೆರೆಗಳನ್ನು ಶಾಯಿಯಲ್ಲಿ ಎಳೆಯುವುದು. ಒಂದು ಹನಿ ಶಾಯಿ ಜಾರಿದರೆ ನಾಲ್ಕು ದಿನದ ಶ್ರಮ ಮಣ್ಣುಪಾಲು. ನಲವತ್ತಾರನೇ ವಯಸ್ಸಿನಲ್ಲಿ ಅವರ ಇಳಿಜಾರು ಮೇಜನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ಒಂದು ದೊಡ್ಡ ಸ್ಕ್ಯಾನರನ್ನೂ ಒಂದು ಕಂಪ್ಯೂಟರನ್ನೂ ತಂದಿಟ್ಟರು. ಮೂರು ದಿನ ಕಲಿಸಿಕೊಡುತ್ತೇನೆಂದು ಬಂದಾತ ಎರಡನೇ ದಿನ ಊಟಕ್ಕೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮಿಕ್ಕಿದ್ದನ್ನೆಲ್ಲ ಅಕ್ಕ ತಾವೇ ಕಲಿತರು, ತಪ್ಪು ಮಾಡಿ ಮಾಡಿ, ಪ್ರತಿ ತಪ್ಪನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು.

ನಾನು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ನೀರು ಪರೀಕ್ಷೆ ಮಾಡುವವನು. ನನ್ನನ್ನು ಅವರು ‘ಲ್ಯಾಬಿನವರೇ’ ಎಂದೇ ಕರೆಯುತ್ತಿದ್ದರು. ಈ ಕಥೆ ನನ್ನ ಸೀಸೆಗಳಿಂದಲೇ ಶುರುವಾಯಿತು.

ಆ ಸೋಮವಾರ ಹಳೇ ಗಿರಣಿಯ ಹಿಂದಿನ ಮೂರು ಬೀದಿಗಳಿಂದ ಬಂದ ಒಂಬತ್ತು ಸೀಸೆ ನೀರಿನಲ್ಲಿ ಏಳು ಕೆಟ್ಟಿದ್ದವು. ಚರಂಡಿ ನೀರು ಎಲ್ಲೋ ಕುಡಿಯುವ ನೀರಿನ ಕೊಳವೆಗೆ ಸೇರುತ್ತಿತ್ತು. ಸಂಜೆಯ ಹೊತ್ತಿಗೆ ವಾಂತಿ ಭೇದಿಯೆಂದು ಇಪ್ಪತ್ತು ಜನ ಆಸ್ಪತ್ರೆ ಸೇರಿದ್ದರು. ಟ್ರೇಸರಕ್ಕನ ಮಗಳು ಅಲ್ಲಿ ನರ್ಸ್. ಅವಳ ಫೋನು ಬಂದಾಗ ನಾನು ಅಕ್ಕನ ಪಕ್ಕದಲ್ಲೇ ನಿಂತಿದ್ದೆ.

“ಅಮ್ಮಾ, ಮಕ್ಕಳೇ ಜಾಸ್ತಿ ಕಣಮ್ಮ. ಹಾಸಿಗೆ ಸಾಲ್ತಾ ಇಲ್ಲ. ನಿಮ್ಮ ಆಫೀಸಿನೋರು ಏನ್ಮಾಡ್ತಿದ್ದಾರೆ?”

“ಅಗೀತಿದ್ದಾರೆ ಮಗಳೇ,” ಎಂದು ಅಕ್ಕ ಫೋನಿಟ್ಟರು.

ಅಗೆಯುತ್ತಿದ್ದದ್ದು ನಿಜ. ಮೂರೂ ಬೀದಿಗೆ ನಲ್ಲಿ ನೀರು ನಿಲ್ಲಿಸಿ, ಟ್ಯಾಂಕರಿನಲ್ಲಿ ನೀರು ಕಳಿಸಿ, ನಕ್ಷೆಯಲ್ಲಿ ಕೊಳವೆಯೂ ಚರಂಡಿಯೂ ಹತ್ತಿರ ಬರುವ ಎರಡು ಕಡೆ ರಸ್ತೆ ಅಗೆದರು. ಎರಡೂ ಕಡೆ ಸಿಕ್ಕಿದ್ದು ಒಣ ಮಣ್ಣು. ವಾಲ್ವ್ ತಿರುಗಿಸುವ ಮುದುಕ ಗುಂಡಿಯೊಳಗೆ ನಿಂತು, “ನಕ್ಷೇಲಿ ಇಲ್ಲೇ ಅಂತಿದೆ ಸಾರ್. ಕೊಳವೆ ಮಾತ್ರ ಊರು ಬಿಟ್ಟು ಹೋದಂಗಿದೆ,” ಎಂದ. ಯಾರಿಗೂ ನಗು ಬರಲಿಲ್ಲ.

ತೊಂದರೆ ನಕ್ಷೆಯದೇ. ಊರಿನ ಕೊಳವೆಗಳೆಲ್ಲ ಇನ್ನೂರ ಹನ್ನೆರಡು ಹಾಳೆಗಳಲ್ಲಿ ಚೆದುರಿದ್ದವು. ಎಂಬತ್ತು ವರ್ಷಗಳಲ್ಲಿ ಬೇರೆ ಬೇರೆಯವರು ಅಳೆದು ಬರೆದದ್ದು. ಒಂದು ಹಾಳೆಯ ಅಂಚಿನಲ್ಲಿ ಹೊರಟ ಕೊಳವೆ ಪಕ್ಕದ ಹಾಳೆಗೆ ಬರುವಷ್ಟರಲ್ಲಿ ಹತ್ತಡಿ ಆಚೆ ಸರಿದಿರುತ್ತಿತ್ತು. ಅಕ್ಕ ಅಷ್ಟೂ ಹಾಳೆಗಳನ್ನು ಮೂರು ವರ್ಷ ಕೂತು ಸ್ಕ್ಯಾನ್ ಮಾಡಿದ್ದರು. ಅವನ್ನು ಒಂದಕ್ಕೊಂದು ಹೊಂದಿಸಿ ಒಂದೇ ನಕ್ಷೆ ಮಾಡುವ ಪ್ರೋಗ್ರಾಮೂ ಇತ್ತು. ಆದರೆ ಅದನ್ನು ಓಡಿಸಿದಾಗಲೆಲ್ಲ ಅರ್ಧ ದಾರಿಯಲ್ಲಿ, ಹೇಳದೆ ಕೇಳದೆ, ಪರದೆಯಿಂದ ಮಾಯವಾಗುತ್ತಿತ್ತು. ಬುಧವಾರ ಮೂರು ಸಲ ಹಾಗೇ ಆಯಿತು.

“ಗಿರಣಿ ಹತ್ತಿರದ ಏಳೆಂಟು ಹಾಳೆ ಮಾತ್ರ ಸೇರಿಸಿದ್ರೆ ಸಾಲ್ದಾ ಮೇಡಂ?” ಎಂದು ಕೇಳಿದರು ಇಂಜಿನಿಯರ್ ಸಾಹೇಬರು. ವಯಸ್ಸಿನಲ್ಲಿ ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು, ಕೆಟ್ಟವರೇನಲ್ಲ, ಆದರೆ ಆ ವಾರ ನಿದ್ದೆಗೆಟ್ಟಿದ್ದರು.

“ಅದನ್ನೇ ಸಾರ್ ಮೊದಲು ಮಾಡಿದ್ದು. ಅದನ್ನ ನಂಬಿಯೇ ಎರಡು ಗುಂಡಿ ತೋಡಿದ್ದು. ಎಲ್ಲ ಹಾಳೆಗೂ ಆಧಾರವಾದ ಅಳತೆಗಲ್ಲುಗಳಿರೋದು ಊರಿನ ನಾಲ್ಕು ಮೂಲೇಲಿ. ನಾಲ್ಕೂ ಒಟ್ಟಿಗೆ ಸಿಕ್ಕರೇನೇ ನಡುವಿನ ಹಾಳೆಗಳು ತಮ್ಮ ಜಾಗಕ್ಕೆ ಕೂರೋದು.”

“ಹಾಗಾದ್ರೆ ಹೊಸ ಕಂಪ್ಯೂಟರ್ ಬರ್ಬೇಕು. ಬರೆದಿದ್ದೀನಿ. ಮೂರು ವಾರ ಅಂತಾರೆ.”

ಗುರುವಾರ ಬೆಳಿಗ್ಗೆ ನಾನು ಹೊಸ ಸೀಸೆಗಳ ಫಲಿತಾಂಶ ತೆಗೆದುಕೊಂಡು ಮೇಲೆ ಹೋದಾಗ ಅಕ್ಕ ಕಪ್ಪು ಪರದೆಯ ಮೇಲೆ ಸಣ್ಣ ಬಿಳಿ ಅಕ್ಷರಗಳನ್ನು ಬೆರಳಿಟ್ಟು ಓದುತ್ತಿದ್ದರು. ಕಂಪ್ಯೂಟರು ತಾನು ಮಾಡಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಳ್ಳುತ್ತದಂತೆ. ಅಲ್ಲಿ ಬುಧವಾರದ ಲೆಕ್ಕದಲ್ಲಿ ಒಂದೇ ಸಾಲು ಮೂರು ಸಲ ಇತ್ತು: ಮೆಮೊರಿ ಸಾಲಲಿಲ್ಲ, ಆದ್ದರಿಂದ ಈ ಪ್ರೋಗ್ರಾಮನ್ನು ಕೊಂದಿದ್ದೇನೆ.

“ಅದಾಗೇ ಸಾಯ್ತಾ ಇರ್ಲಿಲ್ಲ ಲ್ಯಾಬಿನವರೇ. ಮಿಷನ್ನೇ ಕತ್ತು ಹಿಸುಕ್ತಾ ಇತ್ತು. ಇಲ್ನೋಡಿ.” ಅವರು ಇನ್ನೊಂದು ಪುಟ್ಟ ಆಜ್ಞೆ ಕೊಟ್ಟರು. ಮೆಮೊರಿ ಎಂದಿದ್ದ ಸಾಲಿನಲ್ಲಿ ಎಂಟು ಜಿಬಿ. ಅದರ ಕೆಳಗೆ ಸ್ವಾಪ್ ಎಂದಿದ್ದ ಸಾಲಿನಲ್ಲಿ ಮೂರು ಸೊನ್ನೆ.

“ಏನದು ಸ್ವಾಪು?”

“ಮೆಮೊರಿ ತುಂಬಿದಾಗ, ತುಂಬ ಹೊತ್ತಿಂದ ಯಾರೂ ಮುಟ್ಟದೇ ಇರೋ ಪುಟಗಳನ್ನ ಎತ್ತಿ ಡಿಸ್ಕಿನಲ್ಲಿ ಇಟ್ಟು ಬರೋಕೆ ಒಂದು ಜಾಗ. ಬೇಕಾದಾಗ ಹೋಗಿ ತರುತ್ತೆ. ನಿಧಾನ. ಆದ್ರೆ ಬಿಸಾಕಲ್ಲ. ನಮ್ಮ ಮಿಷನ್ ಕೂಡಿಸಿದ ಪುಣ್ಯಾತ್ಮ ಆ ಜಾಗವನ್ನೇ ಕೊಟ್ಟಿಲ್ಲ.”

ಒಂದು ರದ್ದಿ ಹಾಳೆಯ ಬೆನ್ನ ಮೇಲೆ ಲೆಕ್ಕ ಹಾಕಿದರು. ಬಣ್ಣ ಬಿಟ್ಟು ಬರೀ ಕಪ್ಪು ಬಿಳುಪು ಮಾಡಿದರೂ ಒಂದು ಹಾಳೆ ಬಿಚ್ಚಿಕೊಂಡರೆ ನೂರ ಇಪ್ಪತ್ತು ಎಂಬಿಗೂ ಹೆಚ್ಚು. ಇನ್ನೂರ ಹನ್ನೆರಡಕ್ಕೆ ಇಪ್ಪತ್ತಾರು ಜಿಬಿ. ಇರುವ ಎಂಟಕ್ಕೆ ಇಪ್ಪತ್ತನಾಲ್ಕು ಸೇರಿಸಿದರೆ ಧಾರಾಳ ಎಂದುಕೊಂಡು ಕೆಲಸಕ್ಕೆ ಕೂತರು. ನಾನು ಏನೋ ದೊಡ್ಡ ಯಜ್ಞವೇ ನಡೆಯುತ್ತದೆಂದು ನಿಂತಿದ್ದೆ. ನಾಲ್ಕೇ ಸಾಲು. ಡಿಸ್ಕಿನಲ್ಲಿ ಅಷ್ಟು ದೊಡ್ಡ ಖಾಲಿ ಫೈಲು ಮಾಡಿದ್ದು ಒಂದು, ಬೇರೆ ಯಾರೂ ಅದನ್ನು ಓದದಂತೆ ಮಾಡಿದ್ದು ಒಂದು, ಇದು ಸ್ವಾಪ್ ಜಾಗವೆಂದು ಗುರುತು ಹಾಕಿದ್ದು ಒಂದು, ಬಳಸು ಎಂದು ಹೇಳಿದ್ದು ಇನ್ನೊಂದು. ಮತ್ತೆ ನೋಡಿದರೆ ಸೊನ್ನೆಯಿದ್ದ ಕಡೆ ಇಪ್ಪತ್ತನಾಲ್ಕು.

ಪ್ರೋಗ್ರಾಮು ಆ ದಿನ ಸಾಯಲಿಲ್ಲ. ಇನ್ನೂರ ಹನ್ನೆರಡು ಹಾಳೆಗಳನ್ನೂ ಓದಿ ಮುಗಿಸಿ, ಶುಕ್ರವಾರ ಮಧ್ಯಾಹ್ನ ಹಾಳೆಗಳನ್ನು ಒಂದಕ್ಕೊಂದು ಹೊಲಿಯಲು ಶುರು ಮಾಡಿದ ಹತ್ತೇ ನಿಮಿಷಕ್ಕೆ ಸತ್ತಿತು.

ಅಕ್ಕ ಹಣೆ ಚಚ್ಚಿಕೊಂಡರು. “ಹಾಳೆಗಳಿಗೆ ಮಾತ್ರ ಜಾಗ ಲೆಕ್ಕ ಹಾಕಿದೆ. ಸೇರಿಸಿದ ನಕ್ಷೆಗೂ ಅಷ್ಟೇ ಜಾಗ ಬೇಕಲ್ವಾ? ಅದು ಎಲ್ಲಿ ಕೂರ್ಬೇಕು, ನನ್ನ ತಲೆ ಮೇಲಾ?” ಉದ್ದ ನೋಟ್‌ಬುಕ್ಕಿನಲ್ಲಿ ಆ ತಪ್ಪನ್ನೂ ಬರೆದುಕೊಂಡರು.

ಅರವತ್ತನಾಲ್ಕು ಜಿಬಿ ಬೇಕೆಂದು ತೀರ್ಮಾನವಾಯಿತು. ಅಷ್ಟು ಜಾಗ ಡಿಸ್ಕಿನಲ್ಲಿ ಇರಲಿಲ್ಲ. ಹುಡುಕಿದರೆ ನಲವತ್ತೈದು ಜಿಬಿ ತುಂಬ ಹದಿನಾಲ್ಕು ವರ್ಷಗಳ ಉದ್ಘಾಟನೆಗಳ ಫೋಟೋಗಳು. ನೀರಿನ ಟ್ಯಾಂಕು, ಪಂಪ್‌ಹೌಸು, ಟೇಪು, ಕತ್ತರಿ, ನಗುಮುಖ. ಅವನ್ನೆಲ್ಲ ಬೇರೊಂದು ಡಿಸ್ಕಿಗೆ ಸಾಗಿಸಿ, ಹಳೆಯ ಸ್ವಾಪನ್ನು ನಿಲ್ಲಿಸಿ, ಹೊಸದನ್ನು ಮಾಡಿದರು. ವಿದ್ಯುತ್ತು ಹೋಗಿ ಬಂದರೂ ತಾನಾಗಿ ಹತ್ತಿಕೊಳ್ಳುವಂತೆ ಒಂದು ಸಾಲು ಬರೆದಿಟ್ಟರು. ಮೂರು ಗಂಟೆಗೆ ಪ್ರೋಗ್ರಾಮು ಮತ್ತೆ ಹೊರಟಿತು.

ಶನಿವಾರ ಬೆಳಿಗ್ಗೆ ಮಗಳಿಂದ ಮತ್ತೆ ಫೋನು. ನಾಲ್ಕನೇ ಬೀದಿಯಿಂದ ಹನ್ನೊಂದು ಜನ ಬಂದಿದ್ದರು. ನೀರು ನಿಲ್ಲಿಸದೇ ಇದ್ದ ಬೀದಿ ಅದು. ಅಂದರೆ ಕೆಟ್ಟ ನೀರು ನಾವು ಎಣಿಸದ ದಿಕ್ಕಿನಿಂದ ಬರುತ್ತಿತ್ತು. ಸಾಹೇಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಕ್ಷೆ ಕೋಣೆಗೆ ಬಂದರು. ಪರದೆ ಕಲ್ಲಾಗಿತ್ತು. ಮೌಸ್ ಅಲುಗಿಸಿದರೆ ಬಾಣದ ಗುರುತು ಒಂದು ನಿಮಿಷದ ಮೇಲೆ ಅಷ್ಟು ದೂರ ಜಿಗಿದು ನಿಲ್ಲುತ್ತಿತ್ತು. ಡಿಸ್ಕು ಮಾತ್ರ ಕರಕರ, ಕರಕರ ಎಂದು ಒಂದೇ ಸಮನೆ ಸದ್ದು ಮಾಡುತ್ತಿತ್ತು.

“ಹ್ಯಾಂಗ್ ಆಗಿದೆ ಮೇಡಂ. ಒಂದು ದಿನ ದಂಡ ಆಯ್ತು. ಆಫ್ ಮಾಡಿ ಮತ್ತೆ ಹಾಕೋಣ,” ಎಂದು ಸ್ವಿಚ್ಚಿನ ಕಡೆ ಕೈ ಚಾಚಿದರು.

“ಕೈ ತೆಗೀರಿ ಸಾರ್!”

ಟ್ರೇಸರಕ್ಕ ದನಿ ಏರಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಾಹೇಬರ ಕೈ ಗಾಳಿಯಲ್ಲೇ ನಿಂತಿತು.

ಅಕ್ಕ ದನಿ ತಗ್ಗಿಸಿ ಪರದೆಯ ಮೂಲೆ ತೋರಿಸಿದರು. ಪ್ರೋಗ್ರಾಮು ಹೊರಡಿಸುವ ಮೊದಲೇ ಅಲ್ಲೊಂದು ಪುಟ್ಟ ಕಪ್ಪು ಕಿಟಕಿ ತೆರೆದಿಟ್ಟಿದ್ದರು. “ಈ ಅಂಕಿ ಡಿಸ್ಕಿಗೆ ಹೋದ ಪುಟಗಳದ್ದು. ಇದು ವಾಪಸ್ ಬಂದವು. ಸ್ವಲ್ಪ ತಾಳಿ, ಬದಲಾಗುತ್ತೆ.”

ಮೂವರೂ ಆ ಕಿಟಕಿಯನ್ನೇ ನೋಡಿದೆವು. ಅರ್ಧ ನಿಮಿಷವಾಯಿತು. ಹೊಸ ಸಾಲು ಬಂತು. ಅಂಕಿಗಳು ಬೇರೆ. ಇನ್ನರ್ಧ ನಿಮಿಷಕ್ಕೆ ಮತ್ತೊಂದು.

“ಒಂದು ಕ್ಷಣಕ್ಕೆ ಸಾವಿರಾರು ಪುಟ ಹೊತ್ತು ಹಾಕ್ತಾ ಇದೆ, ತರ್ತಾ ಇದೆ. ಒಂದೂ ತಪ್ಪಿಲ್ಲ, ಒಂದೂ ಕಳೆದಿಲ್ಲ. ಇಷ್ಟು ಚಿಕ್ಕ ಮಿಷನ್ನು ಇಷ್ಟು ದೊಡ್ಡ ಊರನ್ನ ಎತ್ತಿಕೊಂಡಿದೆ ಸಾರ್. ನಾವು ಸುಮ್ನೆ ಇರೋದೊಂದೇ ಅದಕ್ಕೆ ಮಾಡಬಹುದಾದ ಉಪಕಾರ.”

ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಎದ್ದು ನಾಲ್ಕನೇ ಬೀದಿಯ ನೀರು ನಿಲ್ಲಿಸಲು ಹೋದರು. ನಾನು ಆ ಅಂಕಿಗಳನ್ನೇ ನೋಡುತ್ತ ನಿಂತೆ. ಹದಿನೆಂಟು ವರ್ಷ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವನು ನಾನು. ಕಣ್ಣಿಗೆ ಕಾಣದ ಜೀವಿಗಳ ಓಡಾಟ ನನಗೆ ಹೊಸತಲ್ಲ. ಆದರೂ ಆ ಲೋಹದ ಡಬ್ಬದೊಳಗೆ ಬೀದಿ ಬೀದಿಗಳು ಮಡಚಿಕೊಂಡು ಹೋಗಿ ಬರುತ್ತಿವೆ ಎಂದು ನೆನೆದಾಗ ಮೈ ಜುಮ್ಮೆಂದಿತು.

ಭಾನುವಾರ ಕಚೇರಿಗೆ ರಜೆ. ಅಕ್ಕ ಬಂದರು, ಹಿಂದೆಯೇ ಊಟದ ಡಬ್ಬಿ ಹಿಡಿದು ಅವರ ಯಜಮಾನರೂ ಬಂದರು. ಅವರು ದರ್ಜಿ. ಡಿಸ್ಕಿನ ಸದ್ದಿಗೆ ಕಿವಿಗೊಟ್ಟು, “ನನ್ನ ಮಿಷನ್ನಿಗೆ ಎರಡು ಹನಿ ಎಣ್ಣೆ ಬಿಟ್ರೆ ಸಾಕು. ಇವಳ ಮಿಷನ್ನಿಗೆ ಜಾಗ ಬಿಟ್ಟುಕೊಡ್ಬೇಕಂತೆ. ಮನೇಲೂ ಹಂಗೇ, ಬೀರೂಲಿ ನನ್ನ ಎರಡು ಅಂಗಿಗೆ ಜಾಗ ಇಲ್ಲ,” ಎಂದರು. ಅಕ್ಕನಿಗೆ ಆ ವಾರದಲ್ಲಿ ಮೊದಲ ಸಲ ನಗು ಬಂತು. ಇಬ್ಬರೂ ಕಿಟಕಿಯ ಪಕ್ಕ ಕೂತು ಊಟ ಮಾಡಿದರು. ಒಬ್ಬರು ತುತ್ತು ಎತ್ತುವಾಗ ಇನ್ನೊಬ್ಬರ ಕಣ್ಣು ಪರದೆಯ ಮೇಲಿರುತ್ತಿತ್ತು.

ಸೋಮವಾರ ಹನ್ನೊಂದು ಗಂಟೆಗೆ ಸದ್ದು ನಿಂತಿತು.

ನಾನು, ಸಾಹೇಬರು, ವಾಲ್ವಿನ ಮುದುಕ ಎಲ್ಲರೂ ಅಲ್ಲಿದ್ದೆವು. ಪರದೆ ಒಮ್ಮೆ ಬೆಳ್ಳಗಾಯಿತು. ಅದರ ಮೇಲೆ ಮೇಲಿಂದ ಕೆಳಗೆ, ಪಟ್ಟಿ ಪಟ್ಟಿಯಾಗಿ, ಊರು ಬಂತು. ಇಡೀ ಊರು. ಅಂಚಿಲ್ಲ, ಮಡಿಕೆಯಿಲ್ಲ. ಬೆಟ್ಟದ ಮೇಲಿನ ದೊಡ್ಡ ಟ್ಯಾಂಕಿನಿಂದ ಇಳಿದ ಗೆರೆ ಎರಡಾಗಿ, ನಾಲ್ಕಾಗಿ, ಸಾವಿರವಾಗಿ, ಕಟ್ಟಕಡೆಯ ಮನೆಯ ನಲ್ಲಿಯವರೆಗೆ ಎಲ್ಲೂ ಕಡಿಯದೆ ಹರಿದಿತ್ತು. ಎಂಬತ್ತು ವರ್ಷ ಈ ಕಚೇರಿಯಲ್ಲಿ ದುಡಿದ ಯಾರೂ ಅದನ್ನು ಹೀಗೆ ಒಟ್ಟಿಗೆ ನೋಡಿರಲಿಲ್ಲ. ನಾವು ನೋಡಿದೆವು. ಮುದುಕ ಯಾಕೋ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಕ್ಕ ಗಿರಣಿಯ ಕಡೆ ಸರಿಸಿದರು, ಹಿಗ್ಗಿಸಿದರು. ಬೇರೆ ಬೇರೆ ಕೈಬರಹ, ದಪ್ಪ ತೆಳು ಗೆರೆಗಳು. ಒಂದು ಕಡೆ ಅವರ ಬೆರಳು ನಿಂತಿತು. “ಇದು ನನ್ನ ಗೆರೆ. ಸೇರಿದ ವರ್ಷದ್ದು,” ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ಹೋದರು. ಗಿರಣಿಯ ಬೀದಿಗಳಿಗೂ ನಾಲ್ಕನೇ ಬೀದಿಗೂ ನೀರು ಕೊಡುವ ಕೊಳವೆ ಒಂದೇ. ಅದು ನಾವಂದುಕೊಂಡ ರಸ್ತೆಯ ಕೆಳಗಿರಲಿಲ್ಲ. ಹದಿಮೂರು ಅಡಿ ಪಕ್ಕದಲ್ಲಿ, ಒಂದು ಲಾಂಡ್ರಿಯ ಅಂಗಳದ ಕೆಳಗೆ ಹಾದು, ಅಲ್ಲೇ ಒಂದು ಹಳೆಯ ಇಟ್ಟಿಗೆ ಚರಂಡಿಯನ್ನು ಅಡ್ಡ ದಾಟಿತ್ತು. ಎರಡು ಹಾಳೆಗಳ ಅಂಚು ಕೂಡುವ ಜಾಗ ಅದು. ಒಂದರಲ್ಲಿ ಕೊಳವೆ ಮಾತ್ರ ಕಾಣುತ್ತಿತ್ತು, ಇನ್ನೊಂದರಲ್ಲಿ ಚರಂಡಿ ಮಾತ್ರ.

ಮಧ್ಯಾಹ್ನ ಎರಡು ಗಂಟೆಗೆ ಅಗೆದರು. ನಾಲ್ಕೂವರೆ ಅಡಿಗೆ ಕರಿ ನೀರು ಚಿಮ್ಮಿತು. ಇಟ್ಟಿಗೆ ಕುಸಿದು, ಚರಂಡಿಯೊಳಗೆ ಕೊಳವೆಯ ಕೀಲು ಬಾಯಿ ಬಿಟ್ಟುಕೊಂಡು ಕೂತಿತ್ತು. ಮುದುಕ ಗುಂಡಿಯಿಂದಲೇ ಕೂಗಿದ: “ಅಕ್ಕಾ, ಸಿಕ್ತು! ಕೈ ಇಟ್ಟಿದ್ದೀನಿ ನೋಡಿ!” ಅಕ್ಕ ಅಂಗಳದ ಅಂಚಿನಲ್ಲಿ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಕೀಲು ಬದಲಾಯಿಸಿ, ಕೊಳವೆ ತೊಳೆದು ಮೂರು ದಿನ ಕಳೆದ ಮೇಲೆ ನನ್ನ ಹನ್ನೆರಡು ಸೀಸೆಗಳೂ ಶುದ್ಧವಾಗಿ ಬಂದವು. ಆಸ್ಪತ್ರೆ ಸೇರಿದ ಅರವತ್ತಮೂರು ಜನರೂ ಬದುಕಿ ಮನೆಗೆ ಹೋದರು. ಈ ಸುದ್ದಿ ಹೇಳೋಣವೆಂದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಅಕ್ಕ ತಿರುಗಿ ನೋಡಲಿಲ್ಲ. ದೊಡ್ಡ ನಕ್ಷೆಯನ್ನು ಅಂಗುಲ ಅಂಗುಲವಾಗಿ ಸರಿಸುತ್ತ, ಚರಂಡಿಯನ್ನು ಕೊಳವೆ ಹೀಗೆ ಗುಟ್ಟಾಗಿ ದಾಟುವ ಕಡೆಯೆಲ್ಲ ಕೆಂಪು ಚುಕ್ಕೆ ಇಡುತ್ತಿದ್ದರು.

“ಹನ್ನೊಂದು ಸಿಕ್ಕಿವೆ ಲ್ಯಾಬಿನವರೇ. ಇನ್ನೂ ಅರ್ಧ ಊರು ಬಾಕಿ.”

ಆ ವರ್ಷ ಸಾಹೇಬರು ಹತ್ತೊಂಬತ್ತು ಕಡೆ ಅಗೆಸಿದರು. ಐದು ಕೀಲುಗಳು ಇನ್ನೇನು ಬಿಡುವ ಹಾಗಿದ್ದವು. ಅವುಗಳಲ್ಲಿ ಒಂದು ಶಾಲೆಯ ಗೇಟಿನ ಮುಂದೆ. ರಸ್ತೆ ಅಗೆದಿದ್ದಕ್ಕೆ ಮಕ್ಕಳನ್ನು ಬಿಡಲು ಬಂದವರು ಬೆಳಿಗ್ಗೆಯಿಡೀ ಗೊಣಗಿದರು. ನಾನೂ ಅಕ್ಕನೂ ಎದುರಿನ ಕಟ್ಟೆಯ ಮೇಲೆ ಕೂತು, ಹಳೆಯ ಕೀಲು ಮೇಲೆ ಬಂದು ಹೊಸದು ಕೆಳಗಿಳಿಯುವುದನ್ನು ನೋಡಿದೆವು. ಆಮೇಲೆ ಮುದುಕ ವಾಲ್ವ್ ತಿರುಗಿಸಿದ. ಶಾಲೆಯ ಅಂಗಳದ ಐದು ನಲ್ಲಿಗಳೂ ಒಮ್ಮೆ ಕೆಮ್ಮಿ, ಸುರಿಯತೊಡಗಿದವು.