ನರಿಗೆ ಸುಳ್ಳು ದಾರಿ ಹಾಕುವ ತೂಬಿನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆದಡದ ಜೊಂಡಿನೊಳಗೆ ಹೆಂಗಸೊಬ್ಬರು ಬೇಕೆಂದೇ ಹುಲ್ಲು ತುಳಿಯುತ್ತಾ, ಒತ್ತಿ ಒತ್ತಿ ಹೆಜ್ಜೆ ಊರುತ್ತಾ ಹೋಗುತ್ತಿದ್ದಾರೆ. ಕೈಯಲ್ಲಿ ಮೀನಿನ ತಲೆಗಳ ಪೊಟ್ಟಣ. ಒಂದು ಕಡೆ ಅದನ್ನು ಬಿಚ್ಚಿ ಸುರಿದು, ಹೋದ ದಾರಿಯಲ್ಲೇ ವಾಪಸು ಬರುತ್ತಾರೆ. ನೋಡಿದವರು ತಲೆ ಕೆಟ್ಟಿದೆ ಎಂದುಕೊಳ್ಳಬೇಕು. ಆದರೆ ಇದು ನರಿಗೆಂದೇ ಹಾಕಿದ ದಾರಿ. ಕಾಡು ಹೆಬ್ಬಾತು ಕಾವಿಗೆ ಕೂತಿರುವುದು ಎದುರು ದಡದಲ್ಲಿ.

ಊರಿಗೆ ನೀರು ಬಿಡುವ ಈ ಕೆರೆಯ ತೂಬು ಇವರ ಕೈಯಲ್ಲಿದೆ. ಹಾಗಾಗಿ ಎಲ್ಲರಿಗೂ ಇವರು ತೂಬಿನಕ್ಕ. ಚಕ್ರ ತಿರುಗಿಸುವುದು, ಜಾಲರಿಗೆ ಸಿಕ್ಕಿದ ಕಸ ಎಳೆಯುವುದು, ನೀರಿನ ಮಟ್ಟ ನೋಡಿ ಫೋನ್ ಮಾಡುವುದು; ಸಂಬಳ ಬರುವುದು ಇಷ್ಟಕ್ಕೇ. ಹೆಬ್ಬಾತಿನ ಕಾವಲು ತಾವಾಗಿ ಮೈಮೇಲೆ ಎಳೆದುಕೊಂಡದ್ದು.

ಯಾಕೆ ಎಂದು ಕೇಳಿದರೆ ಅಕ್ಕನ ಮುಖ ಸಣ್ಣದಾಗುತ್ತದೆ. ಹೋದ ವರ್ಷ ಇದೇ ಜೋಡಿ ಮೊದಲ ಸಲ ಇಲ್ಲಿ ಗೂಡು ಮಾಡಿತ್ತು. ಅಕ್ಕನಿಗೋ ಸಡಗರವೇ ಸಡಗರ. ಬಾಣಂತಿಯನ್ನು ವಿಚಾರಿಸಿಕೊಳ್ಳುವ ಹಾಗೆ ದಿನಾ ಬೆಳಿಗ್ಗೆ ಜೊಂಡು ಸರಿಸಿಕೊಂಡು ಹೋಗಿ ಇಣುಕಿ ಬರುತ್ತಿದ್ದರು. ಮೊಟ್ಟೆಯೊಡೆಯುವ ಹೊತ್ತಿಗೆ ಅಲ್ಲೊಂದು ಕಾಲುದಾರಿಯೇ ಬಿದ್ದಿತ್ತು. ನರಿ ಅದನ್ನೇ ಹಿಡಿದು ಬಂತು. ನರಿ ತಿಂದು ಬಿಟ್ಟದ್ದನ್ನು ಕಾಗೆಗಳು ಮುಗಿಸಿದವು.

"ನರೀದೇನೂ ತಪ್ಪಿಲ್ಲ. ಅದಕ್ಕೂ ಬಿಲದಲ್ಲಿ ಮರಿಗಳಿದ್ವು. ದಾರಿ ಮಾಡಿಕೊಟ್ಟೋಳು ನಾನು," ಎನ್ನುತ್ತಾರೆ. ಆಮೇಲೆ ಎಷ್ಟೋ ದಿನ ಅನ್ನ ಸೇರಲಿಲ್ಲವಂತೆ.

ಈ ವರ್ಷ ಜೋಡಿ ಮತ್ತೆ ಬಂತು. ಅಕ್ಕ ಗೂಡಿನ ಕಡೆ ತಲೆ ಹಾಕಿಯೂ ಮಲಗಿಲ್ಲ. ತಮ್ಮ ಜಾಡು ಹಿಡಿಯುವ ನರಿಗೆ ಬೇರೆ ಕಡೆ ಜಾಡು ಹಾಕಿಕೊಡುತ್ತಾರೆ. ಮೋಸ ಮಾಡಿದ್ದಲ್ಲದೆ ಬರಿಹೊಟ್ಟೆಯಲ್ಲೂ ಕಳಿಸಲು ಮನಸ್ಸು ಬಾರದೆ ಮೀನಿನ ತಲೆ ಬೇರೆ. ನರಿಗೆ ಊಟ, ಮನೆಯ ಬೆಕ್ಕಿಗೆ ಉಪವಾಸ ಎಂದು ಗಂಡ ರೇಗಿಸುತ್ತಾರೆ. ಮಾರುಕಟ್ಟೆಯಲ್ಲಿ ಆ ತಲೆಗಳನ್ನು ಕೇಳಿ ತರುವವರೂ ಅವರೇ.

ಹದ್ದಿನ ಹತ್ತಿರ ಮಾತ್ರ ಯಾವ ಉಪಾಯವೂ ನಡೆಯದು. ಕೂಗಿದರೆ, ಕಲ್ಲು ಬೀಸಿದರೆ ಹೆಬ್ಬಾತೇ ಬೆದರಿ ಏಳುತ್ತದೆ. ಕಾಗೆ ಕಾಯುವುದೇ ಆ ಗಳಿಗೆಗೆ. ಏನೂ ಮಾಡದೆ ಕೂರುವುದು ಅಕ್ಕನಿಗೆ ಪ್ರಾಣಸಂಕಟ.

ಇಂದು ಆ ಸಂಕಟದ ಬೆಳಿಗ್ಗೆ. ಎದುರು ದಡದ ಕೀಚು ಕೀಚು ಸದ್ದು ತೂಬಿನವರೆಗೂ ಕೇಳುತ್ತಿದೆ. ಮೊಟ್ಟೆಯೊಡೆದಿದೆ, ಇನ್ನು ಮರಿಗಳು ನೀರಿಗಿಳಿಯಬೇಕು. ಮೇಲೆ ಹದ್ದು ಸುತ್ತು ಹಾಕುತ್ತಿದೆ, ಕೆಳಗೆ ಅಕ್ಕ ಉಗುರು ಕಚ್ಚುತ್ತಿದ್ದಾರೆ. ಜೊಂಡು ಅಲ್ಲಾಡುತ್ತದೆ. ಮೊದಲು ತಾಯಿ, ಹಿಂದೆ ಸಾಲಾಗಿ ಹಳದಿ ಮರಿಗಳು, ಕೊನೆಗೆ ಗಂಡು. ಮರಿಯೊಂದು ಹಿಂದುಳಿದು ದಡದಲ್ಲೇ ಮುಗ್ಗರಿಸುತ್ತದೆ. ಹದ್ದು ಎರಗುತ್ತದೆ. ಎದ್ದು ನಿಂತ ಅಕ್ಕ ಎರಡೂ ಕೈಯಿಂದ ತಮ್ಮ ಬಾಯನ್ನೇ ಮುಚ್ಚಿಕೊಳ್ಳುತ್ತಾರೆ. ಗಂಡು ಹೆಬ್ಬಾತು ರೆಕ್ಕೆ ಬಡಿದು ಮೇಲೆದ್ದ ರಭಸಕ್ಕೆ ಹದ್ದು ಏನೂ ಸಿಗದೆ ತಿರುಗಿ ಹಾರುತ್ತದೆ. ಮರಿ ಬುಳಕ್ಕನೆ ನೀರಿಗೆ ಬೀಳುತ್ತದೆ.

ಅಕ್ಕನಿಗೆ ಅಳುವೂ ಬರುತ್ತಿದೆ, ನಗುವೂ ಬರುತ್ತಿದೆ. ಒಂದೇ ಒಂದು ಸಲ ಒಂದು ಮರಿಯನ್ನು ಅಂಗೈ ಮೇಲೆ ಕೂರಿಸಿಕೊಳ್ಳುವ ಆಸೆಯಂತೆ. ಅದಾಗದಿದ್ದರೆ ಹೋಗಲಿ, ಗೂಡು ಹೇಗೂ ಖಾಲಿಯಾಯಿತು, ಅದನ್ನಾದರೂ ನೋಡಿ ಬರೋಣ ಎಂದು ಗಂಡ ಕರೆಯುತ್ತಾರೆ. ಅಕ್ಕ ಕದಲುವುದಿಲ್ಲ.

"ಬೇಡ. ಮುಂದಿನ ವರ್ಷಾನೂ ಅಲ್ಲೇ ಮೊಟ್ಟೆ ಇಡ್ತವೆ. ನನ್ನ ಹೆಜ್ಜೆ ಅಲ್ಲಿ ಬೀಳಬಾರದು."