ಬೆನ್ನಿಗೆ ಕಟ್ಟಿದ್ದ ಬೆಂಕಿ

ಮೊನ್ನೆ ಊರಲ್ಲಿ ಪಕ್ಕದ ಗೇರುತೋಟಕ್ಕೆ ಔಷಧಿ ಬಿಡುವವನು ಬೆನ್ನಿಗೆ ಪಂಪು ಏರಿಸಿಕೊಂಡು ನಮ್ಮ ಅಂಗಳ ದಾಟಿದ. ಆ ಟ್ಯಾಂಕು, ಕೈಯಲ್ಲಿನ ಉದ್ದ ನಳಿಗೆ ಕಂಡದ್ದೇ ತಡ, ಎದ್ದು ಒಳಗೆ ಹೋದೆ. ಕತಾರಿನ ನೆರೆಮನೆಯ ಅಜ್ಜ ನೆನಪಾದ... ಬಹುವಚನ ಹಚ್ಚಲು ಈಗ ನಾಲಗೆ ಹೊರಳುವುದಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಐನ್ ಖಾಲಿದ್‌ನಲ್ಲಿ ಒಂದೇ ವಿಲ್ಲಾಕ್ಕೆ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ್ದರು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಒಂಟಿ ಅಮೆರಿಕನ್ ಮುದುಕ. ರಾಸ್ ಲಫಾನ್‌ನ ಅನಿಲ ಸ್ಥಾವರದ ಕಾರ್ಮಿಕರಿಗೆ ಬೆಂಕಿ ಆರಿಸುವುದನ್ನು ಕಲಿಸುವುದು ಅವನ ಕೆಲಸ. ನನ್ನ ಆರು ವರ್ಷದ ಮಗಳಿಗೆ ಸೈಕಲ್ ಕಲಿಸಿದವನೂ ಅವನೇ. ನನ್ನ ಅಪ್ಪ, ಮಾವ ಇಬ್ಬರೂ ಆಗಲೇ ತೀರಿಹೋಗಿದ್ದರು. ಅಜ್ಜ ಎಂದು ಕರೆಯಲು ಅವಳಿಗೆ ಬೇರೆ ಯಾರೂ ಇರಲಿಲ್ಲ.

ಕ್ರಿಸ್ಮಸ್‌ಗೆ ಅವನ ಮನೆಗೂ ನಮ್ಮ ಕುಸ್ವಾರ್ ತಿಂಡಿಯ ತಟ್ಟೆ ಹೋಗುತ್ತಿತ್ತು. ತಟ್ಟೆಯನ್ನು ಖಾಲಿ ಮರಳಿಸಬಾರದೆಂದು ನನ್ನ ಹೆಂಡತಿಯೇ ಅವನಿಗೆ ಹೇಳಿಕೊಟ್ಟಿದ್ದಳು. ಆ ವರ್ಷ ಅವನು ತಟ್ಟೆಯಲ್ಲಿಟ್ಟು ತಂದದ್ದು ತನ್ನ ಪ್ರಾಯದ ಫೋಟೊ. ಸೈನಿಕನ ಉಡುಪು, ಬೆನ್ನ ಮೇಲೆ ಟ್ಯಾಂಕು, ಮುಖದ ತುಂಬ ನಗು. ಮಗಳು ಅದನ್ನು ಗೋದಲಿಯಲ್ಲಿ, ಬಾಲಯೇಸುವಿನ ಪಕ್ಕದಲ್ಲೇ ಇಟ್ಟಳು.

“ಇದು ಗೇರಿಗೆ ಔಷಧಿ ಬಿಡುವ ಪಂಪ್ ಅಲ್ವಾ ಮಾರಾಯ್ರೆ?” ಎಂದಳು ಹೆಂಡತಿ. ನಾನು ಅದನ್ನೇ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಬಿದ್ದು ಬಿದ್ದು ನಕ್ಕ. ಟ್ಯಾಂಕಿನಲ್ಲಿದ್ದದ್ದು ಅಂಟಿನಂತೆ ಗಟ್ಟಿ ಮಾಡಿದ ಪೆಟ್ರೋಲಂತೆ. ವಿಯೆಟ್ನಾಮಿನಲ್ಲಿ ಜನ ಅಡಗಿದ್ದ ನೆಲದಡಿಯ ಗುಂಡಿಗಳಿಗೆ ಅದನ್ನು ಹೊತ್ತಿಸಿ ಹಾರಿಸುತ್ತಿದ್ದನಂತೆ. ಮೈಗೆ ಹತ್ತಿದರೆ ಒರೆಸಿದಷ್ಟೂ ಹರಡುತ್ತದಂತೆ. ಹೇಳುತ್ತಲೇ ನಾವು ಕೊಟ್ಟಿದ್ದ ಇನ್ನೊಂದು ನೆವ್ರಿ ಕಡುಬು ಕಚ್ಚಿದ. ಒಳಗಿನ ಎಳ್ಳು ಅವನ ತುಟಿಗೆ ಅಂಟಿತು.

“ಗುಂಡಿಯೊಳಗೆ ಯಾರಿದ್ದರು?” ಎಂದೆ.

“ನೋಡಲಿಲ್ಲ. ಕೆಲವು ಸಲ ಕಿರುಚುವ ದನಿ ಎಳೆಯದಿರುತ್ತಿತ್ತು,” ಎಂದ.

ಛೀ... ಮಗಳು ಅವನ ತೊಡೆಯ ಮೇಲೇ ಕೂತಿದ್ದಳು. ಅವಳನ್ನು ಎಳೆದುಕೊಂಡೆ, ಫೋಟೊವನ್ನು ಅವನ ಕೈಗೆ ತುರುಕಿದೆ. “ಖಲಾಸ್. ಇನ್ನು ಬರಬೇಡಿ” ಎಂದೆ.

ಮರುವಾರ ಬಾಗಿಲು ತಟ್ಟಿದ. ಈವರೆಗೆ ಯಾರಿಗೂ ಹೇಳಿರಲಿಲ್ಲ, ನಿಮ್ಮನ್ನು ಮನೆಯವರು ಅಂದುಕೊಂಡು ಹೇಳಿದೆ ಎಂದ. ನಾನು ಬಾಗಿಲು ಹಾಕಿಕೊಂಡೆ. ಆ ಬೇಸಿಗೆಯಲ್ಲಿ ಕೆಲಸ ಬಿಟ್ಟು ಹೋದ. ಸತ್ತನೆಂದು ಆಮೇಲೆ ಯಾರೋ ಹೇಳಿದರು.

ಮಗಳಿಗೆ ಏನೂ ತಿಳಿದಿಲ್ಲವೆಂದು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಮೊನ್ನೆ ಫೋನಿನಲ್ಲಿ ಅವನ ಮಾತು ತೆಗೆದಾಗ ಅವಳೇ ಹೇಳಿದಳು: “ನಂಗೆ ಇಂಗ್ಲಿಷ್ ಬರ್ತಿತ್ತಲ್ಲ ಪಪ್ಪಾ. ಅವತ್ತೇ ಎಲ್ಲಾ ಅರ್ಥ ಆಗಿತ್ತು. ಆದ್ರೂ ನಂಗೆ ಅಜ್ಜ ಬೇಕಿತ್ತು.”

ಅವಳಿಂದ ಅಜ್ಜನನ್ನು ಕಿತ್ತುಕೊಂಡವನು ನಾನೇ, ನಿಜ. ಆದರೆ ಅವನು ಬದುಕಿದ್ದು ಇವತ್ತು ಬಂದು ತಟ್ಟಿದರೂ ನಾನು ಬಾಗಿಲು ತೆರೆಯುವುದಿಲ್ಲ.